ಬಿಳಿ ಪರದೆಯ ಮುಂದೆ

ಜಪಾನಿನ ಇಸೆ ಕ್ಷೇತ್ರಕ್ಕೆ ಹೋದವರು ಮೊದಲು ಹೊರಗಿನ ಗುಡಿ ಗೆಕೂಗೆ ಕೈಮುಗಿದು, ಆಮೇಲೆ ಒಳಗಿನ ಗುಡಿ ನೈಕೂಗೆ ಹೋಗಬೇಕು. ನೈಕೂದಲ್ಲಿರುವವಳು ಸೂರ್ಯದೇವಿ ಅಮತೆರಾಸು. ಗೆಕೂದಲ್ಲಿ ಅವಳ ಊಟ ನೋಡಿಕೊಳ್ಳುವ ತೊಯೊಉಕೆ. ಒಬ್ಬಳೇ ಕೂತು ಉಣ್ಣೋಕೆ ಆಗಲ್ಲ ಅಂತ ಸೂರ್ಯದೇವಿ ರಾಜನ ಕನಸಿನಲ್ಲಿ ಹೇಳಿದ್ದಕ್ಕೆ ಇವಳನ್ನು ಕರೆತಂದರಂತೆ. ಈ ಕತೆ ಕೇಳಿದ ಮೇಲೆ ಆ ದೇವಿ ಪರಕೀಯಳು ಅನಿಸಲೇ ಇಲ್ಲ.

ಇವತ್ತಿಗೂ ಗೆಕೂದಲ್ಲಿ ದಿನಾ ಎರಡು ಹೊತ್ತು ನೈವೇದ್ಯ. ಅನ್ನ, ಉಪ್ಪು, ನೀರು, ತರಕಾರಿ, ಹಣ್ಣು. ಜೊತೆಗೆ ಮೀನು, ಅಕ್ಕಿಯಿಂದ ಮಾಡಿದ ಮದ್ಯ. (ನಮ್ಮಜ್ಜಿ ಕೇಳಿದ್ದರೆ ಎದ್ದು ಹೋಗುತ್ತಿದ್ದರೇನೋ!) ಆದರೆ ಒಲೆಗೆ ಬೆಂಕಿ ಹೊತ್ತಿಸೋದು ಮರಕ್ಕೆ ಮರ ತಿಕ್ಕಿ. ಥೇಟ್ ನಮ್ಮ ಅರಣಿ.

ನೈಕೂಗೆ ಹೋಗಲು ಉಜಿ ಸೇತುವೆ ದಾಟಬೇಕು. ನೂರು ಮೀಟರು ಉದ್ದದ ಮರದ ಸೇತುವೆ. ಇಸುಜು ಹೊಳೆಗೆ ಇಳಿದು ಕೈ ತೊಳೆದೆ. ನೀರು ಕೊರೆಯುತ್ತಿತ್ತು. ಆಮೇಲೆ ಬರೀ ಜಲ್ಲಿಕಲ್ಲಿನ ದಾರಿ, ಎರಡೂ ಕಡೆ ಆಕಾಶಕ್ಕೆ ಹೋದ ಮರಗಳು. ಕೊನೆಗೆ ಕಲ್ಲಿನ ಮೆಟ್ಟಿಲು. ಅಲ್ಲಿಂದ ಮುಂದೆ ಫೋಟೋ ತೆಗೆಯೋ ಹಾಗಿಲ್ಲ.

ಮೇಲೆ ಹತ್ತಿದರೆ ಒಂದು ಬಿಳಿ ಪರದೆ. ಅಷ್ಟೇ. ದೇವಿಯ ಕುರುಹಾದ ಕನ್ನಡಿ ಒಳಗೆಲ್ಲೋ ಇದೆ, ಯಾರೂ ನೋಡುವಂತಿಲ್ಲ. ಕಣ್ತುಂಬ ದರ್ಶನ ಮಾಡಿಯೇ ಅಭ್ಯಾಸವಾದ ನನಗೆ ಪೆಚ್ಚೆನಿಸಿತು. ಮುಂದಿದ್ದ ಅಜ್ಜಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದರು. ನಾನೂ ಹಾಗೇ ಮಾಡಿದೆ. ಗಾಳಿಗೆ ಪರದೆ ಒಂದಿಷ್ಟು ಮೇಲೆದ್ದಿತು. ನಾನು ಕಣ್ಣು ಕೆಳಗೆ ಮಾಡಿದೆ, ಯಾಕೋ.

ಗುಡಿಯ ಪಕ್ಕದಲ್ಲೇ ಅಷ್ಟೇ ಅಗಲದ ಖಾಲಿ ಜಾಗ, ತುಂಬ ಕಲ್ಲು. 20 ವರ್ಷಕ್ಕೊಮ್ಮೆ ಆ ಜಾಗದಲ್ಲಿ ಇದೇ ಗುಡಿಯನ್ನು ಹೊಸ ಮರದಲ್ಲಿ ಕಟ್ಟಿ, ರಾತ್ರಿ ಹೊತ್ತು ದೇವಿಯನ್ನು ಕರೆದೊಯ್ಯುತ್ತಾರೆ. 690ರಲ್ಲಿ ಜಿತೋ ರಾಣಿಯ ಕಾಲದಲ್ಲಿ ಶುರುವಾಗಿದ್ದು. ಯುದ್ಧಗಳ ಕಾಲದಲ್ಲಿ ನೂರಕ್ಕೂ ಜಾಸ್ತಿ ವರ್ಷ ನಿಂತೇ ಹೋಗಿತ್ತು. 2013ರಲ್ಲಿ ಆಗಿದ್ದು 62ನೆಯದು, ಮುಂದಿನದು 2033ಕ್ಕೆ. ಬಡಗಿಯ ಕಸುಬು ಕೈಯಿಂದ ಕೈಗೆ ದಾಟೋಕೆ 20 ವರ್ಷ ಸರಿಯಾದ ಅಂತರ, ಅಲ್ವಾ?

ಹಳೆಯ ಮರವನ್ನು ಸುಮ್ನೆ ಎಸೆಯೋದಿಲ್ಲ. ಸೇತುವೆಯ ಗುಡಿ ಕಡೆಯ ತುದಿಯ ತೋರಣ ದ್ವಾರದ ಕಂಬಗಳು ಹಿಂದಿನ ಗುಡಿಯ ಕಂಬಗಳೇ. 20 ವರ್ಷ ದೇವಿಯ ಸೂರು ಹೊತ್ತವು. ಬರುವಾಗ ಗೊತ್ತಿಲ್ಲದೆ ಅದರಡಿಯೇ ದಾಟಿಹೋಗಿದ್ದೆ. ವಾಪಸು ಬರುವಾಗ ನಿಂತು ಅಂಗೈ ಊರಿದೆ. ಬಿಸಿಲಿಗೆ ಮರ ಬೆಚ್ಚಗಿತ್ತು.