ಐವತ್ತು ಪ್ಲಸ್ ಇಪ್ಪತ್ತು

ಇವತ್ತು ಡಿಸ್ಕೌಂಟ್ ಅಂಗಡಿಗೆ ಹೋಗಿದ್ದೆ. ಬೇಕಾಗಿದ್ದು ಬಟ್ಟೆ ಒಗೆಯುವ ಪುಡಿ ಒಂದೇ. ಬರುವಾಗ ಕೈಯಲ್ಲಿ ಎರಡು ಚೀಲ!

ಬಾಗಿಲಲ್ಲೇ '50% + 20% ರಿಯಾಯಿತಿ' ಅಂತ ಬೋರ್ಡು. ಮನಸ್ಸು ತಕ್ಷಣ ಎಪ್ಪತ್ತು ಅಂತ ಕೂಡಿಸಿಬಿಟ್ಟಿತು. ಬಿಲ್ಲಿನಲ್ಲಿ ನೋಡಿದರೆ 60. ಮೋಸ ಏನಿಲ್ಲ. ನೂರರಲ್ಲಿ ಐವತ್ತು ಹೋದಮೇಲೆ, ಉಳಿದ ಐವತ್ತಕ್ಕೆ ತಾನೇ 20%? ಹತ್ತೇ ಆಯಿತು. ಶಾಲೆಯಲ್ಲಿ ಕಲಿತ ಲೆಕ್ಕ ಅಂಗಡಿಯೊಳಗೆ ಮಾತ್ರ ಮರೆತುಹೋಗುತ್ತದೆ, ಅಲ್ವಾ?

ಪುಡಿಯ ವಿಷಯದಲ್ಲಿ ಸ್ವಲ್ಪ ಜಾಣತನ ತೋರಿಸಿದೆ. ದೊಡ್ಡ ಪ್ಯಾಕ್ ಅಂದ್ರೆ ಅಗ್ಗ ಅಂತ ಇಷ್ಟು ದಿನ ಸುಮ್ನೆ ಎತ್ತಿಕೊಳ್ಳುತ್ತಿದ್ದೆ. ಇವತ್ತು ನೂರು ಗ್ರಾಮಿಗೆ ಎಷ್ಟು ಬೀಳುತ್ತದೆ ಅಂತ ಮೊಬೈಲಲ್ಲಿ ಭಾಗಿಸಿ ನೋಡಿದೆ. ಎರಡು ಚಿಕ್ಕ ಪ್ಯಾಕೇ ಕಡಿಮೆ! ಪಕ್ಕದಲ್ಲಿದ್ದ ಹಿರಿಯರೊಬ್ಬರು "ಯಾವುದು ತಗೊಂಡ್ರಿ?" ಅಂತ ಕೇಳಿ ಅದನ್ನೇ ಎತ್ತಿಕೊಂಡರು. ಹೆಮ್ಮೆ ಆಯಿತು, ಸುಳ್ಳೇಕೆ ಹೇಳಲಿ.

ಆ ಉಳಿತಾಯವೆಲ್ಲ ಆರು ಪ್ಲಾಸ್ಟಿಕ್ ಡಬ್ಬಿಗಳಿಗೆ ಹೋಯಿತು. ಮನೆಯಲ್ಲಿ ಖಾಲಿ ಡಬ್ಬಿಗಳಿಗೇ ಒಂದು ಕಪಾಟು ಇದೆ. ತಿಂಗಳ ಲೆಕ್ಕದ ಪುಸ್ತಕದಲ್ಲಿ ಇದನ್ನು ಎಲ್ಲಿ ಬರೆಯಲಿ? ಸದ್ಯಕ್ಕೆ 'ಇತರೆ' ಅಂತ ಹಾಕಿದ್ದೇನೆ. ಈ ತಿಂಗಳು 'ಇತರೆ'ಯೇ ಎಲ್ಲಕ್ಕಿಂತ ಜಾಸ್ತಿ.