ನಾರ್ವೆ ಫೋಟೊಗಳು, ಚಿಕ್ಕಪ್ಪನ ಪ್ರಶ್ನೆಗಳು

ಭಾನುವಾರ ಜಯನಗರದ ಚಿಕ್ಕಪ್ಪನ ಮನೆಯಲ್ಲಿ ಸೇರಿದ್ದೆವು. ಟಿವಿಯಲ್ಲಿ ನಮ್ಮ ನಾರ್ವೆ ಫೋಟೊಗಳು. ಎರಡೂ ಕಡೆ ಕಡಿದಾದ ಬೆಟ್ಟ, ನಡುವೆ ಒಳನಾಡಿಗೆ ಚಾಚಿದ ಕಡಲಿನ ಕಿರಿದಾದ ನೀರು. ಇದಕ್ಕೇ ಫಿಯೋರ್ಡ್ ಅನ್ನೋದು. “ನಮ್ಮ ಸಿಗಂದೂರು ಲಾಂಚ್ ಥರಾನೇ ಇದೆಯಲ್ಲೋ!” ಅಂದರು ಚಿಕ್ಕಮ್ಮ.

ಎಲ್ಲರೂ ನಕ್ಕರು. ಆದರೆ ಅವರು ಹೇಳಿದ್ದು ಅರ್ಧ ಸರಿ. ಶರಾವತಿ ಹಿನ್ನೀರೂ ಮುಳುಗಿದ ಕಣಿವೆಯೇ ಅಲ್ವಾ? ಅಲ್ಲಿ ಕೊರೆದದ್ದು ನದಿ, ನೀರು ನಿಲ್ಲಿಸಿದ್ದು ಅಣೆಕಟ್ಟು. ಫಿಯೋರ್ಡ್‌ನಲ್ಲಿ ಕೊರೆದದ್ದು ಹಿಮನದಿ, ತುಂಬಿದ್ದು ಸಮುದ್ರ.

ಚಿಕ್ಕಪ್ಪ ನೀರಾವರಿ ಇಲಾಖೆಯಲ್ಲಿದ್ದವರು, ಅಷ್ಟಕ್ಕೆ ಬಿಡಲಿಲ್ಲ. “ಮಂಜುಗಡ್ಡೆ ಕಲ್ಲು ಕೊರೆಯತ್ತಾ?”

ಬರೀ ಮಂಜಲ್ಲ. ನೂರಾರು ಮೀಟರ್ ದಪ್ಪದ ಗಡ್ಡೆ ತನ್ನ ಭಾರಕ್ಕೇ ಜರುಗುತ್ತದೆ. ತಳಕ್ಕೆ ಅಂಟಿದ ಕಲ್ಲುಗಳು ನೆಲವನ್ನು ಉಜ್ಜುತ್ತವೆ. ಹಿಮಯುಗಗಳ ಮೇಲೆ ಹಿಮಯುಗ ಹೀಗೇ ನಡೆಯಿತು. ನದಿಯ ಕೊರೆತ ಸಮುದ್ರಮಟ್ಟಕ್ಕೆ ಬಂದರೆ ಹೆಚ್ಚುಕಮ್ಮಿ ಮುಗಿಯಿತು. ದಪ್ಪ ಮಂಜುಗಡ್ಡೆಗೆ ಆ ಕಟ್ಟುಪಾಡಿಲ್ಲ. ಸೋಗ್ನೆಫಿಯೋರ್ಡ್ 1,300 ಮೀಟರಿಗೂ ಜಾಸ್ತಿ ಆಳ. “ಬೆಂಗಳೂರು ಇರೋದೇ ಸುಮಾರು 900 ಮೀಟರ್ ಎತ್ತರದಲ್ಲಿ” ಅಂತ ಚಿಕ್ಕಪ್ಪ ಸುಮ್ನೆ ಟಿವಿ ನೋಡಿದರು. ವಿಚಿತ್ರ ಅಂದರೆ, ಕಡಲಿಗೆ ತೆರೆಯುವ ಬಾಯಲ್ಲಿ ಆಳ ತೀರಾ ಕಡಿಮೆ. ಅಲ್ಲಿಗೆ ಬರುವಾಗ ಹಿಮನದಿ ಹರಡಿಕೊಂಡು ತೆಳುವಾಗಿ, ಅದರ ಕಸುವು ಕುಗ್ಗಿರುತ್ತಿತ್ತು.

ನಾವು ಹೋಗಿದ್ದು ಸೋಗ್ನೆಫಿಯೋರ್ಡ್‌ನ ಕವಲು ನೇರೋಯ್‌ಫಿಯೋರ್ಡ್‌ಗೆ. 2005ರಿಂದ ಅದು ವಿಶ್ವ ಪರಂಪರೆಯ ತಾಣ. ಫ್ಲೋಮ್‌ನಿಂದ ಗುಡ್ವಾಂಗೆನ್‌ಗೆ ಸುಮಾರು ಎರಡು ಗಂಟೆಯ ದಾರಿ. ಬ್ಯಾಟರಿ ದೋಣಿ, ಹಾಗಾಗಿ ಎಂಜಿನ್ ಗದ್ದಲವಿಲ್ಲ, ಜಲಪಾತದ ಸದ್ದು ಕಿವಿಗೆ ಬೀಳುತ್ತದೆ. ಒಂದು ಕಡೆ ಅಗಲ ಬರೀ 250 ಮೀಟರ್. ಅಲ್ಲಿ ಕತ್ತೆತ್ತಿ ನೋಡಿದಾಗಲೇ ನನಗೆ ಅದರ ಅಳತೆ ಅರ್ಥವಾಗಿದ್ದು. ಫೋಟೊದಲ್ಲಿ ಅದು ಬರಲೇ ಇಲ್ಲ. ಆ ಜಲಪಾತಗಳೂ ಮಂಜಿನ ಕೆಲಸವೇ. ಪಕ್ಕದ ಸಣ್ಣ ಹಿಮನದಿಗಳು ಅಷ್ಟು ಆಳ ಕೊರೆಯಲಿಲ್ಲ. ಅವುಗಳ ಕಣಿವೆ ಮೇಲೆಯೇ ಉಳಿಯಿತು, ತೊರೆಗಳು ಅಲ್ಲಿಂದ ಧುಮುಕುತ್ತವೆ.

“ದೊಡ್ಡ ಕ್ರೂಸ್ ಹಡಗಲ್ಲೇ ಹೋಗಬಹುದಿತ್ತಲ್ಲಾ?” ಅಂದ ತಮ್ಮ. ನನಗೆ ಚಿಕ್ಕ ದೋಣಿಯೇ ಇಷ್ಟ. ಹತ್ತಾರು ಮಹಡಿ ಮೇಲೆ ನಿಂತರೆ ಬೆಟ್ಟವೇ ಗಿಡ್ಡ ಕಾಣುತ್ತದೆ.

“ಯಾವಾಗ ಹೋಗೋದು ಒಳ್ಳೇದು?” ಚಿಕ್ಕಮ್ಮ ಕೇಳಿದರು. ಮೇ ಕೊನೆ ಅಥವಾ ಜೂನ್ ಅಂದೆ. ಹಿಮ ಕರಗಿ ಜಲಪಾತಗಳು ತುಂಬಿರುತ್ತವೆ. ಸ್ವೆಟರ್ ಮಾತ್ರ ಆಗಲೂ ಬೇಕು.