ದೊಡ್ಡಮ್ಮನ ಹೆಬ್ಬೆರಳು

ನವೆಂಬರ್ ಮೊದಲ ಶನಿವಾರ ಉಡುಪಿ ಹತ್ತಿರದ ಕಟಪಾಡಿಗೆ ಹೋಗಿದ್ದೆ. ದೊಡ್ಡಮ್ಮ ಚಾ ಕೊಡುವ ಮೊದಲೇ ಪಾಸ್‌ಬುಕ್ ಕೊಟ್ಟರು.

"ನನ್ನ ಸಾವಿರ ಬರ್ಲಿಲ್ಲ ಮಗಾ. ಎಂತಾಯ್ತು ನೋಡು."

ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ರುಚಿ ಕಡಿಮೆಯಾಗುತ್ತದೆ, ಸಹಿಸಿಕೊಳ್ಳಿ.

ಸಾವಿರ ಅಂದರೆ ಪಿಎಫ್ ಪೆನ್ಶನ್. ದೊಡ್ಡಮ್ಮ ಬೀಡಿ ಕಟ್ಟಿದವರು. 1995ರ ಪೆನ್ಶನ್ ಯೋಜನೆಯಲ್ಲಿ ಅವರ ಹೆಸರಿದೆ. 2014ರಲ್ಲಿ ಕನಿಷ್ಠ ಪೆನ್ಶನ್ ತಿಂಗಳಿಗೆ ಸಾವಿರ ರೂಪಾಯಿ ಅಂತ ಆಯಿತು. ನಮಗೆ ಅದು ಒಂದು ಊಟದ ಬಿಲ್ಲು. ದೊಡ್ಡಮ್ಮನಿಗೆ ಅದು ಯಾರನ್ನೂ ಕೇಳದೆ ಖರ್ಚು ಮಾಡುವ ದುಡ್ಡು.

ನಿಂತದ್ದು ಯಾಕೆ ಅಂತ ಹುಡುಕಲು ಕಷ್ಟವಾಗಲಿಲ್ಲ. ಪೆನ್ಶನ್ ಪಡೆಯುವವರು ವರ್ಷಕ್ಕೊಮ್ಮೆ 'ನಾನು ಬದುಕಿದ್ದೇನೆ' ಅಂತ ತೋರಿಸಬೇಕು. ಲೈಫ್ ಸರ್ಟಿಫಿಕೇಟ್. ಸರ್ಕಾರಿ ನೌಕರಿಯಲ್ಲಿದ್ದವರು ನವೆಂಬರಿನಲ್ಲಿ ಕೊಡುತ್ತಾರೆ. ಪಿಎಫ್ ಪೆನ್ಶನ್‌ನವರು ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ದೊಡ್ಡಮ್ಮ ಹೋದ ಸಲ ಸೆಪ್ಟೆಂಬರಿನಲ್ಲೇ ಕೊಟ್ಟಿದ್ದರು. ಪಕ್ಕದ ಮನೆಯ ಮೇಷ್ಟ್ರು ನವೆಂಬರ್ ಅಂದದ್ದನ್ನು ನಂಬಿ ಸುಮ್ನೆ ಕೂತಿದ್ದರು. ನೆನಪಿಸುವ ಮೆಸೇಜ್ ಏನಾದರೂ ಬಂದಿದ್ದರೆ ಅದು ಮುಂಬಯಿಯಲ್ಲಿ ಹೋಟೆಲ್ ಕೆಲಸ ಮಾಡುವ ಅಣ್ಣನ ಹಳೆಯ ನಂಬರಿಗೆ ಹೋಗಿರಬೇಕು. ಆ ಸಿಮ್ ಈಗ ಎಲ್ಲಿದೆಯೋ, ಯಾರಿಗೆ ಗೊತ್ತು.

"ಹತ್ತು ನಿಮಿಷದ ಕೆಲಸ ದೊಡ್ಡಮ್ಮ" ಅಂದೆ. ನಾನು ಮಂಗಳೂರಿನಲ್ಲಿ ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದೇನೆ. ಹಾಗಾಗಿ ಆ ಧೈರ್ಯ.

ಹತ್ತಿರದ ಒಂದು ಸೇವಾ ಕೇಂದ್ರಕ್ಕೆ ಹೋದೆವು. ಕೌಂಟರಿನಲ್ಲಿ ಚುರುಕಾದ ಹುಡುಗಿ. ಆಧಾರ್ ನಂಬರ್ ಹೊಡೆದಳು, ಬೆರಳಚ್ಚಿನ ಪುಟ್ಟ ಡಬ್ಬಿ ಮುಂದೆ ತಳ್ಳಿದಳು. "ಅಮ್ಮಾ, ಹೆಬ್ಬೆರಳು ಇಡಿ." ಕೆಂಪು ಬೆಳಕು ಹತ್ತಿತು, ಆರಿತು. "ಮ್ಯಾಚ್ ಆಗ್ಲಿಲ್ಲ. ಇನ್ನೊಂದು ಕೈ ಕೊಡಿ." ಅದೂ ಆಗಲಿಲ್ಲ. ಬೆರಳು ಒರೆಸಿದಳು. ಸ್ವಲ್ಪ ಎಣ್ಣೆ ಹಚ್ಚಿದಳು. ಮೇಲಿಂದ ತನ್ನ ಬೆರಳಿನಿಂದ ಒತ್ತಿ ಹಿಡಿದಳು. ಹತ್ತು ಬೆರಳೂ ಮುಗಿದವು.

ಆಗಲೇ ನಾನು ಆ ಬೆರಳುಗಳನ್ನು ಸರಿಯಾಗಿ ನೋಡಿದ್ದು. ಹೆಬ್ಬೆರಳು, ತೋರುಬೆರಳು ಕನ್ನಡಿಯ ಹಾಗೆ ನುಣುಪು. ಗೆರೆಯೇ ಇಲ್ಲ. ನಾನು ಚಿಕ್ಕವನಿದ್ದಾಗ ಅವರು ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಜಗಲಿಯಲ್ಲಿ ಕೂತದ್ದೇ ಕಣ್ಣ ಮುಂದೆ ಇದೆ. ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕುವುದು, ಸುರುಳಿ ಸುತ್ತುವುದು, ನೂಲು ಬಿಗಿಯುವುದು, ತುದಿ ಮಡಚುವುದು. ಮಾತು ನಡೆಯುತ್ತಲೇ ಇರುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ದಿನಕ್ಕೆ 800 ಅಂತ ಹಿಡಿಯಿರಿ, ವರ್ಷಕ್ಕೆ 300 ದಿನ, 35 ವರ್ಷ. ಕೌಂಟರಿನಲ್ಲಿ ನಿಂತೇ ಲೆಕ್ಕ ಹಾಕಿದೆ. 84 ಲಕ್ಷ ಬೀಡಿ. ಪ್ರತಿಯೊಂದೂ ಆ ಎರಡು ಬೆರಳುಗಳ ನಡುವೆ ಉರುಳಿ ಹೋಗಿದೆ. ಯಾವ ಕೆಲಸಕ್ಕೆ ಪೆನ್ಶನ್ ಬರುತ್ತದೋ, ಅದೇ ಕೆಲಸ ಬೆರಳಚ್ಚನ್ನು ಅಳಿಸಿ ಹಾಕಿತ್ತು.

"ನಂದು ಎಂತ ತಪ್ಪು ಉಂಟು ಅಂತ ಅದು ಹೇಳ್ತದಾ?" ದೊಡ್ಡಮ್ಮ ಕೇಳಿದರು.

ಅದು ಹೇಳುವುದಿಲ್ಲ. ಹುಡುಗಿಯ ಮುಂದಿದ್ದ ಪರದೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು, ಪಕ್ಕದಲ್ಲಿ ಒಂದು ನಂಬರು. ದೊಡ್ಡಮ್ಮನಿಗೆ ಕಾಣುತ್ತಿದ್ದದ್ದು ಮಾನಿಟರಿನ ಬೆನ್ನು ಮತ್ತು ನಾಲ್ಕು ವಯರು. ಅವರು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಪರೀಕ್ಷೆಯಲ್ಲಿ ಫೇಲಾದವರ ಮುಖ.

ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಯಾಕೆಂದರೆ ಅಂಥ ಸಾಲು ನಾನೇ ಬರೆದಿದ್ದೇನೆ. ನಮ್ಮ ಆಫೀಸಿನಲ್ಲಿ ಒಂದು ಅಂಗಡಿಗೆ ಗ್ರಾಹಕರ ದೂರಿನ ಪುಟ ಮಾಡಿದ್ದೆವು. ಯಾವ ತಪ್ಪಾದರೂ ಒಂದೇ ಉತ್ತರ: 'ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ.' ಫೋನ್ ನಂಬರಿನ ನಡುವೆ ಜಾಗ ಬಿಟ್ಟರೂ ಅದೇ, ನೆಟ್ ಹೋದರೂ ಅದೇ. ಬರೆಯಲು ಅರ್ಧ ನಿಮಿಷ ಬೇಕಾಗಿತ್ತು. ಅದರ ಮುಂದೆ ಯಾರು ಕೂತಿರುತ್ತಾರೆ ಅಂತ ಆ ಅರ್ಧ ನಿಮಿಷದಲ್ಲಿ ಯೋಚಿಸಿರಲಿಲ್ಲ.

ಒಂದು ಹಳೆಯ ನೆನಪು ಬಂತು. ಕರ್ನಾಟಕದಲ್ಲಿ ಪಹಣಿಗಳನ್ನೆಲ್ಲ 'ಭೂಮಿ' ಅಂತ ಕಂಪ್ಯೂಟರಿಗೆ ಹಾಕಿದ ಹೊಸದರಲ್ಲಿ, 2001–02ರ ಹೊತ್ತು, ಅಪ್ಪನ ಜೊತೆ ತಾಲೂಕು ಕಚೇರಿಗೆ ಹೋಗಿದ್ದೆ. ಅದಕ್ಕೆ ಮೊದಲು ಪಹಣಿ ಅಂದರೆ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವ ಕೆಲಸ, ಕೈಬಿಸಿ ಬೇರೆ. ಅಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಬರುತ್ತಿತ್ತು. ಆದರೆ ನನಗೆ ನೆನಪಿರುವುದು ದುಡ್ಡಲ್ಲ. ನಮ್ಮ ಕಡೆಗೆ ತಿರುಗಿಸಿಟ್ಟ ಎರಡನೇ ಪರದೆ. ಒಳಗಿನವರಿಗೆ ಕಾಣುವುದೆಲ್ಲ ನಮಗೂ ಕಾಣುತ್ತಿತ್ತು. ಅಪ್ಪ ಕನ್ನಡಕ ಏರಿಸಿ, ಅಜ್ಜನ ಹೆಸರನ್ನು ಅಕ್ಷರ ಅಕ್ಷರ ಓದಿ, "ಹಾಂ, ಸರಿ ಉಂಟು" ಅಂದಿದ್ದರು. ಆ ಎರಡನೇ ಪರದೆ ಇಡಲು ಹೇಳಿದವರು ಯಾರೋ, ಪುಣ್ಯಾತ್ಮರು.

ಪಕ್ಕದಲ್ಲಿ ಒಬ್ಬ ಹುಡುಗ ಆದಾಯ ಪ್ರಮಾಣಪತ್ರದ ಅರ್ಜಿ ಕೊಟ್ಟು ಚೀಟಿ ಹಿಡಿದು ಹೊರಟ. ಸಕಾಲದ ಚೀಟಿ. 2012ರಿಂದ ಅದು ನಡೆಯುತ್ತಿದೆ: 15 ಅಂಕಿಯ ನಂಬರು, ಯಾವ ದಿನದೊಳಗೆ ಸಿಗಬೇಕು ಅಂತ ತಾರೀಕು, ತಡವಾದರೆ ದಿನಕ್ಕೆ 20 ರೂಪಾಯಿ, 500ರವರೆಗೆ. ಆ 20 ರೂಪಾಯಿ ಕೇಳಿ ತೆಗೆದುಕೊಂಡವರನ್ನು ನಾನು ನೋಡಿಲ್ಲ, ಆದರೆ ನಂಬರ್ ಹಿಡಿದು ಜೋರಾಗಿ ಕೇಳುವವರನ್ನು ನೋಡಿದ್ದೇನೆ.

"ನಂಗೆ ಆ ತರದ ಚೀಟಿ ಇಲ್ವಾ?"

"ಅದು ರಾಜ್ಯ ಸರ್ಕಾರದ್ದು ದೊಡ್ಡಮ್ಮ, ಪಿಎಫ್ ಕೇಂದ್ರದ್ದು."

"ನಂಗೆ ಎರಡೂ ಸರ್ಕಾರವೇ ಅಲ್ವಾ?"

ಹುಡುಗಿ ನಕ್ಕಳು. ಮತ್ತೆ ತಾನಾಗಿಯೇ ದಾರಿ ಹೇಳಿದಳು. "ಮುಖದಲ್ಲೂ ಆಗ್ತದೆ ಅಣ್ಣಾ. ನನ್ನ ಫೋನಿನ ಕ್ಯಾಮೆರಾ ಸರಿ ಇಲ್ಲ. ನಿಮ್ಮ ಫೋನಿನಲ್ಲಿ ಮನೆಯಲ್ಲೇ ಮಾಡಿ. ಆಗದಿದ್ರೆ ಪೋಸ್ಟ್‌ಮ್ಯಾನ್ ಮನೆಗೇ ಬರ್ತಾರೆ." ಬೆರಳು ಒರೆಸಿ, ಒತ್ತಿ, ಅಷ್ಟು ಹೊತ್ತು ಹೋದದ್ದಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ವೆಬ್‌ಸೈಟ್ ಮಾಡುವ ನನಗೆ ಮುಖದ ವಿಷಯ ಗೊತ್ತಿರಲಿಲ್ಲ ಅನ್ನುವುದನ್ನು ಇಲ್ಲಿ ಬರೆದೇ ಬಿಡುತ್ತೇನೆ.

ಲೈಫ್ ಸರ್ಟಿಫಿಕೇಟನ್ನು ಕಂಪ್ಯೂಟರಿನಲ್ಲೇ ಕೊಡುವ ಈ ವ್ಯವಸ್ಥೆಯ ಹೆಸರು ಜೀವನ್ ಪ್ರಮಾಣ್. ಅದು ಶುರುವಾದದ್ದು 2014ರಲ್ಲಿ, ಬೆರಳು ಅಥವಾ ಕಣ್ಣಿನ ಪಾಪೆ ನಂಬಿಕೊಂಡು. ಮುಖ ತೋರಿಸಿದರೆ ಸಾಕು ಅಂತ ಆದದ್ದು 2021ರ ನವೆಂಬರಿನಲ್ಲಿ, ಪಿಎಫ್‌ನವರಿಗೆ ಅದರ ಮರುವರ್ಷ. ನಡುವಿನ ಏಳೆಂಟು ವರ್ಷ ಬೀಡಿ ಕಟ್ಟಿದ ಕೈಗಳು ಕೌಂಟರ್ ಕೌಂಟರಿನಲ್ಲಿ ಎಣ್ಣೆ ಹಚ್ಚಿಸಿಕೊಂಡಿವೆ.

ಮನೆಗೆ ಬಂದು ಎರಡು ಆ್ಯಪ್ ಹಾಕಿಕೊಂಡೆ. ಒಂದು ಜೀವನ್ ಪ್ರಮಾಣ್, ಇನ್ನೊಂದು ಮುಖ ಗುರುತಿಸುವ ಆಧಾರ್ ಆ್ಯಪ್. ಮೊದಲು ಫೋನಿನ ಯಜಮಾನ ತನ್ನ ಮುಖ ತೋರಿಸಬೇಕು. ತೋರಿಸಿದೆ. ನಂತರ ದೊಡ್ಡಮ್ಮನ ಆಧಾರ್, ಪಿಪಿಒ (ಪೆನ್ಶನ್ ಮಂಜೂರಾದ ಆದೇಶ) ನಂಬರ್, ಬ್ಯಾಂಕ್ ಖಾತೆ. ಪಿಪಿಒ ಕಾಗದ ದೇವರ ಫೋಟೊದ ಹಿಂದೆ ಸಿಕ್ಕಿತು. ನಡುವೆ ಒಂದು ಪ್ರಶ್ನೆ ಬಂತು, ಕೇಳಲೇಬೇಕು, ಬಿಡುವ ಹಾಗಿಲ್ಲ.

"ದೊಡ್ಡಮ್ಮ, ಮತ್ತೆ ಮದುವೆ ಆಗಿದ್ದೀರಾ ಅಂತ ಕೇಳ್ತದೆ."

"ಯಾರು, ಮೋದಿಯಾ?" ಅಂತ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹುಡುಗ ಇದ್ರೆ ನೋಡ್ಲಿಕ್ಕೆ ಹೇಳು."

ಮುಖ ಹಿಡಿಯುವುದು ಅಷ್ಟು ಸಲೀಸಾಗಲಿಲ್ಲ. ಜಗಲಿಯಲ್ಲಿ ಹಿಂದಿನಿಂದ ಬೆಳಕು, ಮುಖ ಕಪ್ಪು. ಸುಣ್ಣ ಬಳಿದ ಗೋಡೆಗೆ ಒರಗಿಸಿ ಕೂರಿಸಿದೆ. ಕನ್ನಡಕ ತೆಗೆಸಿದೆ. ಕಣ್ಣು ಮಿಟುಕಿಸಿ ಅಂದರೆ ದೊಡ್ಡಮ್ಮ ಗಟ್ಟಿಯಾಗಿ ಮುಚ್ಚಿ, ಫೋಟೊ ಮುಗಿಯಿತಾ ಅಂತ ಕೇಳುತ್ತಾರೆ. ನಾಲ್ಕನೇ ಸಲಕ್ಕೆ ಹಸಿರು ಬಂತು. ಒಂದು ನಿಮಿಷದಲ್ಲಿ ಮೆಸೇಜು, ಅದರಲ್ಲಿ ಪ್ರಮಾಣ್ ಐಡಿ.

"ಇದಾ ನನ್ನ ಚೀಟಿ?"

ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಆ ನಂಬರ್ ಬರೆಸಿಕೊಂಡರು. ದಪ್ಪ ಅಕ್ಷರದಲ್ಲಿ, ತಾರೀಕು ಸಹಿತ. ಮುಂದಿನ ವರ್ಷದ ತಾರೀಕನ್ನೂ.

ಬೀಡಿ ಬಿಟ್ಟ ಮೇಲೆ ದೊಡ್ಡಮ್ಮ ಶಂಕರಪುರದ ಕಡೆಯ ಮನೆಯೊಂದಕ್ಕೆ ಮಲ್ಲಿಗೆ ಕಟ್ಟಿಕೊಡುತ್ತಾರೆ. ಬಾಳೆನಾರು, ಮೊಗ್ಗು, ಅದೇ ಬೆರಳು. ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ ಅದು) ಇವತ್ತು ಎಷ್ಟು ರೇಟು ಅಂತ ದಿನಾ ಆ ಮನೆಯವರ ವಾಟ್ಸ್‌ಆ್ಯಪಿಗೆ ಬರುತ್ತದಂತೆ. "ಒಂದೇ ಲೈನು. ನಂಗೂ ಓದ್ಲಿಕ್ಕೆ ಆಗ್ತದೆ. ನಿಮ್ಮ ಕಂಪ್ಯೂಟರಿನವರಿಗೆ ಯಾಕೆ ಹಾಗೆ ಬರೀಲಿಕ್ಕೆ ಆಗುವುದಿಲ್ಲ?" ಅಂದರು. ಸೋಮವಾರ ಆಫೀಸಿನಲ್ಲಿ ಆ ದೂರಿನ ಪುಟ ತೆಗೆದೆ. ಒಂದು ಸಾಲು ಇದ್ದಲ್ಲಿ ಒಂಬತ್ತು ಸಾಲು ಬರೆದೆ, ಏನು ತಪ್ಪು, ಈಗ ಏನು ಮಾಡಬೇಕು ಅಂತ. ಅರ್ಧ ದಿನ ಹಿಡಿಯಿತು. ಮ್ಯಾನೇಜರ್ ಕೇಳಿದರು, ಗ್ರಾಹಕರು ಇದಕ್ಕೆ ದುಡ್ಡು ಕೊಡ್ತಾರಾ ಅಂತ. ಇಲ್ಲ ಅಂದೆ.

ದೊಡ್ಡಮ್ಮನ ಪೆನ್ಶನ್ ಬಾಕಿ ಸೇರಿಸಿಯೇ ಬಂತು. ಸುದ್ದಿ ಹಬ್ಬಿತು. ಮುಂದಿನ ಸಲ ಹೋದಾಗ ಜಗಲಿಯಲ್ಲಿ ಮೂವರು ಹೆಂಗಸರು, ಎಲ್ಲರೂ ಹಿಂದೆ ಒಟ್ಟಿಗೆ ಬೀಡಿ ಕಟ್ಟಿದವರು. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ಒಳಗೆ ಕಾಗದ. ಸುಣ್ಣದ ಗೋಡೆಯ ಹತ್ತಿರ ಸ್ಟೂಲ್ ಮೊದಲೇ ಇಟ್ಟಾಗಿತ್ತು. ಕಣ್ಣು ಹೇಗೆ ಮಿಟುಕಿಸಬೇಕು ಅಂತ ದೊಡ್ಡಮ್ಮನೇ ಹೇಳಿಕೊಟ್ಟರು.

ಇಬ್ಬರದ್ದು ಆಯಿತು. ಮೂರನೆಯವರ ಮುಖವನ್ನೂ ಫೋನ್ ಒಪ್ಪಿತು, ಆದರೆ ವಾರ ಕಳೆದ ಮೇಲೆ ಅರ್ಜಿ ತಿರಸ್ಕಾರವಾಯಿತು. ಪಿಎಫ್ ದಾಖಲೆಯಲ್ಲಿ ಅವರು ಪೂಜಾರ್ತಿ, ಆಧಾರಿನಲ್ಲಿ ಪೂಜಾರಿ. ಮೂವತ್ತು ವರ್ಷದ ಹಿಂದೆ ಬೀಡಿ ಬ್ರಾಂಚಿನಲ್ಲಿ, ಅಂದರೆ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗದಲ್ಲಿ, ಯಾರೋ ಬಾಯಲ್ಲಿ ಕೇಳಿದ ಹಾಗೆ ಬರೆದುಕೊಂಡದ್ದು. ಆಗ ಅದೇ ಸರಿಯಾಗಿತ್ತು, ನಮ್ಮಲ್ಲಿ ಪೂಜಾರಿ ಮನೆಯ ಹೆಂಗಸರನ್ನು ಪೂಜಾರ್ತಿ ಅಂತಲೇ ಕರೆಯುವುದು. ಈಗ ಹೆಸರು ತಿದ್ದಲು ಕೆಲಸ ಕೊಟ್ಟವರ ಸಹಿ ಇರುವ ಕಾಗದ ಬೇಕು. ಬ್ರಾಂಚ್ ಎಲ್ಲಿತ್ತು ಅಂತ ತೋರಿಸಲು ಅವರು ನನ್ನ ಜೊತೆ ಪೇಟೆಗೆ ಬಂದರು. ಆ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಉಂಟು.